ಮುಂತಾದವರು

"ಗುರುಗಳೇ, ಮಠಕ್ಕೆ ಕಾಳು ಕೊಟ್ಟವರ ಹೆಸರುಗಳನ್ನು ದಿನವೂ ಒಂದೊಂದಾಗಿ ಎಣಿಸಿ ಹೇಳಬೇಕೇಕೆ? ನಾಲ್ಕು ಹೆಸರು ಹೇಳಿ 'ಮುಂತಾದವರು' ಎಂದರೆ ಸಾಲದೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

"ಇಷ್ಟಕ್ಕೇ ನಾಲಗೆ ಸವೆಯಿತೇನಯ್ಯ?" ಎಂದು ಗುರುಗಳು ನಕ್ಕರು. "ಕೂತುಕೋ. ಒಬ್ಬ ಕಲ್ಲುಕುಟಿಗನ ಕತೆ ಹೇಳುತ್ತೇನೆ."

ಒಂದೂರಿನಲ್ಲಿ ಕೆರೆ ಕಟ್ಟಿದರು. ಮಣ್ಣು ಹೊತ್ತ ಪ್ರತಿಯೊಬ್ಬರ ಹೆಸರನ್ನೂ ಏರಿಯ ಮೇಲಿನ ಕಲ್ಲಿನಲ್ಲಿ ಕೆತ್ತಬೇಕು, ಕೆರೆ ತುಂಬಿದ ದಿನ ಆ ಹೆಸರುಗಳನ್ನು ಕೂಗಬೇಕು, ಹೆಸರು ಬಂದವರು ಇಳಿದು ಮೊದಲ ಬೊಗಸೆ ನೀರು ಕುಡಿಯಬೇಕು ಎಂದು ಊರವರು ಗೊತ್ತುಮಾಡಿದರು. ಕೆತ್ತುವ ಕೆಲಸ ಕಲ್ಲುಕುಟಿಗನ ಪಾಲಿಗೆ ಬಂತು. ಅವನ ತಾಯಿಯೂ ಮೂರು ವರ್ಷ ಬುಟ್ಟಿ ಹೊತ್ತಿದ್ದಳು. ನೆತ್ತಿಯ ಕೂದಲು ಸವೆದುಹೋಗಿತ್ತು. ಆ ಒಂದು ಬೊಗಸೆ ನೀರಿಗಾಗಿ ಆಸೆಯಿಂದ ಕಾಯುತ್ತಿದ್ದಳು, ಪಾಪ.

ಕಲ್ಲುಕುಟಿಗ ದಾಕ್ಷಿಣ್ಯದವರ ಹೆಸರುಗಳನ್ನೆಲ್ಲ ಮೊದಲು ಕೆತ್ತಿದ. ಕೊನೆಗೆ ಗೇಣು ಜಾಗ ಉಳಿಯಿತು. ಹೆಸರುಗಳು ಬಹಳ ಉಳಿದವು. ಕೈಯೂ ಸೋತಿತ್ತು. 'ಅವ್ವ ನಮ್ಮವಳೇ ತಾನೇ, ಏನೂ ಅಂದುಕೊಳ್ಳುವುದಿಲ್ಲ' ಎಂದುಕೊಂಡ. 'ಮುಂತಾದವರು' ಎಂದು ಕೆತ್ತಿ ಉಳಿ ಕೆಳಗಿಟ್ಟ. ಹಿತ್ತಲ ಗಿಡ ಮದ್ದಲ್ಲ ನೋಡು!

ಕೆರೆ ತುಂಬಿತು. ತಾಯಿ ಒಗೆದ ಸೀರೆ ಉಟ್ಟು ಬಂದಳು. ಹೆಸರು ಕೂಗಿದಂತೆ ಒಬ್ಬೊಬ್ಬರೇ ಇಳಿದು ಕುಡಿದರು. ಕಡೆಗೆ 'ಮುಂತಾದವರು' ಎಂದು ಕೂಗಿದಾಗ ಯಾರೂ ಇಳಿಯಲಿಲ್ಲ. ತಾಯಿ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ "ಬಿಸಿಲೇರಿತು, ಒಲೆ ಹಚ್ಚಬೇಕು" ಎಂದು ಮನೆಗೆ ಹೊರಟುಹೋದಳು.

ಮಧ್ಯಾಹ್ನ ಕಲ್ಲುಕುಟಿಗನಿಗೆ ಏರಿಯ ಬೇವಿನ ನೆರಳಿನಲ್ಲಿ ಜೊಂಪು ಹತ್ತಿತು. ಕನಸಿನಲ್ಲಿ ಅವನು ಮೆಟ್ಟಿಲಿಳಿದು ನೀರಿನೊಳಗೇ ನಡೆದ. ತಳದಲ್ಲಿ ಹಸಿರು ಬೆಳಕು. ಅಲ್ಲಿ ಹೆಂಗಸರು ಸಾಲಾಗಿ ಮಣ್ಣು ಹೊರುತ್ತಿದ್ದರು. ಬುಟ್ಟಿಯ ನೆರಳಿನಲ್ಲಿ ಯಾರ ಮುಖವೂ ಕಾಣದು.

"ಕೆರೆ ಮುಗಿಯಿತಲ್ಲ, ಇನ್ನೂ ಏಕೆ ಹೊರುತ್ತೀರಿ?" ಎಂದು ಕೇಳಿದ.

"ಸಾಕು ಬನ್ನಿ ಎಂದು ನಮ್ಮನ್ನು ಯಾರೂ ಕರೆಯಲಿಲ್ಲವಲ್ಲಪ್ಪ" ಎಂದಳು ಒಬ್ಬಳು.

ಆ ಸಾಲಿನಲ್ಲಿ ತಾಯಿಯ ನಡಿಗೆಯನ್ನು ಅವನು ಗುರುತಿಸಿದ. ಹೆಸರು ಹಿಡಿದು ಕರೆಯಬೇಕು; ಹೆಸರು ನೆನಪಾಗಲೊಲ್ಲದು. ಕೊನೆಗೆ "ಅವ್ವಾ!" ಎಂದು ಕೂಗಿದ. ಅಷ್ಟೂ ಹೆಂಗಸರು ತಿರುಗಿ ನೋಡಿದರು.

ಎಚ್ಚರವಾದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಉಳಿ ಹಿಡಿದು ಕಲ್ಲಿನ ಬೆನ್ನಿಗೆ ಹೋಗಿ ತಾಯಿಯ ಹೆಸರು ಕೆತ್ತಿದ. ಆಮೇಲೆ ಮನೆಮನೆಗೆ ಹೋಗಿ ಕೇಳಿ, ಬಿಟ್ಟುಹೋದ ಒಂದೊಂದು ಹೆಸರನ್ನೂ ಕೆತ್ತಿದ. ಎಲ್ಲರನ್ನೂ ಏರಿಗೆ ಕರೆತಂದು ತಾನೇ ನಿಂತು ಕೂಗಿದ. "ಕೆಂಚವ್ವ!" ಎಂದಾಗ, ಮಗನ ಬಾಯಲ್ಲಿ ತನ್ನ ಹೆಸರು ಕೇಳಿ ತಾಯಿಗೆ ನಗು ಬಂತು, ಅಳುವೂ ಬಂತು. ಇಳಿದು ಒಂದು ಬೊಗಸೆ ಕುಡಿದು, "ತಣ್ಣಗಿದೆ" ಎಂದಳು.

ಕತೆ ಕೇಳಿ ಮರುಳಯ್ಯನಿಗೆ ಸಿಟ್ಟೇ ಬಂತು. "ಅಬ್ಬಾ, ಎಂಥ ಮಗ! ಹೆತ್ತವಳನ್ನೇ ಎಣಿಕೆಯಲ್ಲಿ ಬಿಡುವುದೇ?" ಎಂದ.

ಗುರುಗಳು ಮೆಲ್ಲಗೆ ಹೇಳಿದರು: "ನೀನು ಇಲ್ಲಿಗೆ ಬಂದ ದಿನ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದ್ದಕ್ಕೆ 'ಅಪ್ಪ, ಅಣ್ಣ ಮುಂತಾದವರು' ಎಂದಿದ್ದೆಯಲ್ಲ, ಮರುಳಯ್ಯ?"