ಈಡುಗಾಯಿಯಾದ ಕಣ

ಮಗ್ಗ ತುಳಿಯುವ ತಿರುಮಕ್ಕನ ಕಾಲಿನ ಹೆಬ್ಬೆರಳು ಕಪ್ಪಿಟ್ಟಿತ್ತು. ಇಂದು ನೆತ್ತರು ಹರಿಯದಿದ್ದರೆ ಬೆರಳನ್ನು ಕತ್ತರಿಸಬೇಕೆಂದ ವೈದ್ಯರು, ಕಣ್ಣಿಗೆ ಕಾಣದಷ್ಟು ಸಣ್ಣ ಕಣವೊಂದರಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಗಾಳಿಯನ್ನು ತುಂಬಿ ರಕ್ತನಾಳಕ್ಕೆ ಬಿಟ್ಟರು.

ಕಣವು ದಾರಿಯುದ್ದಕ್ಕೂ ಎಲ್ಲಿಯೂ ಸೋರದೆ ಬೆರಳಿನ ಬುಡಕ್ಕೆ ಬಂತು. ಅಲ್ಲಿ ನಾಳ ಹಿಂಡಿಕೊಂಡು ಮುಚ್ಚಿತ್ತು.

"ಅಣ್ಣಾ, ನೀನು ಒಡೆದು ನನ್ನನ್ನು ಬಿಡು. ಬಾಗಿಲು ತೆರೆಯುವುದು ನನಗೆ ಗೊತ್ತು," ಎಂದಿತು ಒಳಗಿನ ಗಾಳಿ.

"ಹುಚ್ಚಪ್ಪಾ! ಹೊರಗೆ ನೀನು ಬದುಕುವುದು ಎರಡು ಗಳಿಗೆಯೂ ಇಲ್ಲ. ನಾನಂತೂ ಚೂರಾಗುತ್ತೇನೆ. ಇಷ್ಟು ಜೋಪಾನವಾಗಿ ತಂದದ್ದು ಇದಕ್ಕೇನಾ?" ಎಂದಿತು ಕಣ.

"ನಾವೂ ಹಾಗೇ ಅಂದೆವು," ಎಂದಿತು ಕತ್ತಲೆ.

ಕಣ ತಿರುಗಿ ನೋಡಿತು. ನಿನ್ನೆ ವೈದ್ಯರು ಬಿಟ್ಟಿದ್ದ ಕಣಗಳು ಗೋಡೆಗೆ ಒರಗಿ ಸಾಲಾಗಿ ಕುಳಿತಿದ್ದವು. ಒಂದಕ್ಕೂ ಬಿರುಕಿಲ್ಲ. ಹೊರಬಿಡದ ಗಾಳಿ ಒಳಗೇ ಸತ್ತು, ಒಂದರೊಳಗೂ ಉಸಿರಿಲ್ಲ.

"ಬಾ ತಮ್ಮಾ, ಕೂತುಕೋ. ನಿನಗೂ ಜಾಗ ಇಟ್ಟಿದ್ದೇವೆ," ಎಂದು ಅವು ಒಂದೇ ದನಿಯಲ್ಲಿ ಕರೆದು, ಚೂರು ಚೂರೇ ಸರಿದು ಕೂತವು.

ಕಣಕ್ಕೆ ಮೈ ಜುಮ್ಮೆಂದಿತು. ಅದು ದೇವರ ಮುಂದಿನ ಈಡುಗಾಯಿಯಂತೆ ಮುಚ್ಚಿದ ನಾಳಕ್ಕೆ ತನ್ನನ್ನು ತಾನೇ ಬಡಿದುಕೊಂಡು ಚೂರಾಯಿತು. ಗಾಳಿ ಒಂದೇ ಒಂದು ಉಸಿರು ಬಿಟ್ಟು ಕರಗಿತು. ನಾಳ ಅಗಲವಾಯಿತು. ನುಗ್ಗಿದ ನೆತ್ತರು ಕುಳಿತಿದ್ದವರನ್ನೆಲ್ಲ ಕೊಚ್ಚಿಕೊಂಡು ಹೋಯಿತು.

ಮಂಚದ ಮೇಲೆ ತಿರುಮಕ್ಕ ಬೆಚ್ಚಿಬಿದ್ದಳು. "ನನ್ನ ಬೆರಳು ಹಿಡಿದು ಎಳೆದವರು ಯಾರೇ?"

"ಯಾರೂ ಇಲ್ಲ ಅತ್ತೆ," ಎಂದಳು ಸೊಸೆ. ಆಮೇಲೆ ಬಗ್ಗಿ ನೋಡಿದಳು. ಬೆರಳು ಬೆಚ್ಚಗಿತ್ತು.