ಬೇವಿನ ಸೊಪ್ಪಿನ ಲೆಕ್ಕ

“ಬುದ್ಧಿ, ಜ್ವರದವರ ಲೆಕ್ಕ ಇಳಿದಿದೆ. ಇನ್ನಾದರೂ ಪಂಕ್ತಿ ಊಟ ಶುರು ಮಾಡಬಹುದೇ?”

ಕೇಳಿದವನು ಶಿಷ್ಯ ಮರುಳಸಿದ್ಧ. ಮಠದ ದಾಸೋಹ ಅವನ ಕೈಯಲ್ಲಿತ್ತು. ಸುತ್ತಿನ ಊರುಗಳಿಗೆ ಅಂಟುಜ್ವರ ಬಂದಾಗಿನಿಂದ ಗುರುಗಳು ಪಂಕ್ತಿ ನಿಲ್ಲಿಸಿದ್ದರು. ಒಬ್ಬೊಬ್ಬರೂ ತಟ್ಟೆ ಹಿಡಿದು ಹೋಗಿ ಒಂದೊಂದು ಮರದ ಕೆಳಗೆ ಕೂತು ಉಣ್ಣಬೇಕಾಗಿತ್ತು. ಜ್ವರ ಬಂದವರು ಮರುಳಸಿದ್ಧನಿಗೆ ಹೇಳಿ ಹಿತ್ತಲಿನ ಗುಡಿಸಲಿಗೆ ಹೋಗಬೇಕು. ಲೆಕ್ಕ ಇಡುವವನೂ ಅವನೇ. ಹೋದ ವಾರ ಗುಡಿಸಲು ತುಂಬಿತ್ತು, ಈ ವಾರ ಇಬ್ಬರೇ ಇದ್ದರು. ಸೋಮವಾರ ಬೇರೆ ಹೋಳಿಗೆ ಊಟ. ಮರದ ಕೆಳಗೆ ಕೂತವನ ತಟ್ಟೆಗೆ ಎರಡನೆಯ ಸಲ ಬಡಿಸಲು ಯಾರೂ ಬರುವುದಿಲ್ಲ ಎಂಬುದು ಮರುಳಸಿದ್ಧನ ದೊಡ್ಡ ಕೊರಗು.

“ಶುರು ಮಾಡೋಣ ಅನ್ನುವವರು ಅರ್ಧ, ಬೇಡ ಅನ್ನುವವರು ಅರ್ಧ. ಬೆಳಗಿನಿಂದ ಬರೀ ಜಗಳ. ನೀವೇ ಒಂದು ಮಾತು ಹೇಳಬೇಕು,” ಎಂದ. ಎಂದಿನಂತೆ ಗುರುಗಳ ಕಾಲ ಬಳಿ ಕೂರದೆ, ಬಾಗಿಲ ಕಂಬಕ್ಕೆ ಒರಗಿ, ಹೆಗಲ ವಲ್ಲಿಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಿಂತಿದ್ದ.

ಗುರುಗಳು ಅವನನ್ನೊಮ್ಮೆ ನೋಡಿದರು. “ಅಲ್ಲೇ ಕೂತುಕೋ ಮರಿ. ಒಂದು ಕತೆ ಹೇಳುತ್ತೇನೆ,” ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಕೆಟ್ಟವನೇನಲ್ಲ. ತಕ್ಕಡಿಯಲ್ಲಿ ಮೋಸ ಮಾಡುತ್ತಿರಲಿಲ್ಲ. ಮುದುಕಿ ತಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದ. ಆ ವರ್ಷ ಮುಂದಿರುವ ಹಬ್ಬಗಳ ಸಾಲು ನೆನೆದು ಅವನಿಗೆ ಆಸೆ ಹೆಚ್ಚಿತು. ಇದ್ದಬದ್ದದ್ದೆಲ್ಲ ಸುರಿದು ಪಡಸಾಲೆಯ ತುಂಬ ಬೆಲ್ಲ ಪೇರಿಸಿದ. ಬೆಲ್ಲ ಬಂದ ಬೆನ್ನಿಗೇ ಊರಿಗೆ ಕೆಮ್ಮುಜ್ವರ ಬಂತು.

ಗೌಡ ಊರವರನ್ನು ಅರಳಿಕಟ್ಟೆಯ ಬಳಿ ಸೇರಿಸಿ ಒಂದು ಕಟ್ಟುಪಾಡು ಮಾಡಿದ. ಜ್ವರ ಇದ್ದ ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಅವರು ಹೊರಗೆ ಬರಬಾರದು, ಬೇರೆಯವರು ಒಳಗೆ ಹೋಗಬಾರದು. ಸೊಪ್ಪು ಕಂಡ ಮನೆಯ ಜಗಲಿಯ ಮೇಲೆ ಮದ್ದು ಕೊಡುವ ಪಂಡಿತ ದಿನವೂ ಕಷಾಯ ಇಡಬೇಕು, ನೆರೆಯವರು ಗಂಜಿ ನೀರು ಇಡಬೇಕು. ಸಂತೆಯ ಹಿಂದಿನ ದಿನ ತಳವಾರ ಬೀದಿ ಸುತ್ತಿ ಸೊಪ್ಪು ಎಣಿಸಬೇಕು. ಹತ್ತರೊಳಗಿದ್ದರೆ ಸಂತೆ ಉಂಟು, ಹತ್ತು ದಾಟಿದರೆ ಇಲ್ಲ. ಹತ್ತೇ ಏಕೆ ಎಂದು ಯಾರೂ ಕೇಳಲಿಲ್ಲ. ಗೌಡನಿಗೆ ಇದ್ದದ್ದು ಹತ್ತು ಬೆರಳು.

ಸೊಪ್ಪು ಹತ್ತು ದಾಟಿತು, ಸಂತೆ ನಿಂತಿತು. ಆಮೇಲೆ ವಾರ ವಾರವೂ ಕಟ್ಟೆಯ ಮೇಲೆ ವಾದ. ಸೊಪ್ಪು ಎರಡು ಇಳಿದರೆ ವ್ಯಾಪಾರಿ, ನೋಡಿ ಜ್ವರಕ್ಕೇ ಸುಸ್ತಾಗಿದೆ, ಸಂತೆ ನಡೆಸೋಣ ಎನ್ನುತ್ತಿದ್ದ. ಎರಡು ಏರಿದರೆ, ಏರಿದ್ದು ಇಳಿಯಲೇಬೇಕಲ್ಲ, ಅಷ್ಟರಲ್ಲಿ ಸಂತೆ ನಡೆಸೋಣ ಎನ್ನುತ್ತಿದ್ದ. ಪಂಡಿತನೂ ಕಡಿಮೆಯಿಲ್ಲ. ಏರಿದರೆ, ಏರಿದೆ ಬೇಡ ಎನ್ನುತ್ತಿದ್ದ. ಇಳಿದರೆ, ಟಗರು ಹಿಂದಕ್ಕೆ ಸರಿಯುವುದು ಗುದ್ದುವುದಕ್ಕೇ, ಬೇಡ ಎನ್ನುತ್ತಿದ್ದ. ಲೆಕ್ಕ ಪ್ರತಿ ವಾರ ಬದಲಾಗುತ್ತಿತ್ತು, ಇಬ್ಬರ ಮಾತು ಮಾತ್ರ ಒಂದು ದಿನವೂ ಬದಲಾಗಲಿಲ್ಲ. ಗೌಡ ಇಬ್ಬರಿಗೂ ತಲೆಯಾಡಿಸಿ, ಬೆರಳು ಮಡಿಚಿ ನೋಡಿಕೊಂಡು, ಎದ್ದು ಹೋಗುತ್ತಿದ್ದ.

ಇತ್ತ ಮಳೆ ಹಿಡಿಯಿತು. ಪಡಸಾಲೆಯ ಬೆಲ್ಲ ಬೆವರತೊಡಗಿತು. ಇರುವೆಗಳಿಗೆ ಯಾವ ಕಟ್ಟುಪಾಡೂ ಇರಲಿಲ್ಲ, ಅವು ಸಾಲುಗಟ್ಟಿ ಬಂದವು. ವ್ಯಾಪಾರಿ ಬೆಳಗಾದರೆ ಒಂದೊಂದು ಅಚ್ಚನ್ನೂ ಒತ್ತಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಮೂಲೆಯಲ್ಲಿ ಕೂತ ತಾಯಿಗೆ ನಗು.

“ಕರಗಿದ್ರೆ ಪಾನಕ ಮಾಡ್ಕೊಂಡು ಕುಡಿಯಾನ ಬಿಡೋ. ಬೆಲ್ಲ ಹೋದ್ರೆ ಬೆಲ್ಲ ಬತ್ತದೆ,” ಎನ್ನುತ್ತಿದ್ದಳು.

ಅವನಿಗೆ ನಗು ಬರುತ್ತಿರಲಿಲ್ಲ. ಆ ಬೆಲ್ಲ ಕರಗಿದರೆ ಅದರ ಜೊತೆಗೆ ಅವನ ಬದುಕೂ ಕರಗುತ್ತಿತ್ತು.

ಆ ಊರಿನಲ್ಲಿ ಮಾರಮ್ಮನಿಗೆ ಬಿಟ್ಟ ಒಂದು ಹೋತ ಇತ್ತು. ದೇವರಿಗೆ ಬಿಟ್ಟದ್ದನ್ನು ಯಾರೂ ಹೊಡೆಯುವಂತಿಲ್ಲ, ಅಡ್ಡ ಬರುವಂತಿಲ್ಲ. ಅದು ಹೊಕ್ಕಿದ್ದೇ ಮನೆ, ಮೇಯ್ದದ್ದೇ ಹೊಲ. ಒಂದು ಬೆಳಿಗ್ಗೆ ವ್ಯಾಪಾರಿ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಅದು ಒಬ್ಬ ರೈತನ ಬಾಗಿಲಲ್ಲಿ ಹಿಂಗಾಲ ಮೇಲೆ ನಿಂತಿತ್ತು. ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪನ್ನು ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಒಳಗೆ ಯಾರೋ ಕೆಮ್ಮುತ್ತಿದ್ದರು. ಸೊಪ್ಪು ಮುಗಿಸಿ ಹೋತ ಪಕ್ಕದ ಬಾಗಿಲಿಗೆ ಹೋಯಿತು.

ವ್ಯಾಪಾರಿ ‘ಹೈ’ ಎನ್ನಲು ಬಾಯಿ ತೆರೆದ. ಆಗ ಅವನಿಗೆ ಬೆಲ್ಲ ನೆನಪಾಯಿತು. ಬಾಯಿ ಮುಚ್ಚಿಕೊಂಡ.

ಮರುದಿನ ಅವನು ಕೈಯಲ್ಲಿ ಒಂದು ಬೆಲ್ಲದ ಚೂರು ಹಿಡಿದು ಬೀದಿಗೆ ಹೊರಟ. ಹೋತ ಅವನ ಹಿಂದೆಯೇ ಹೊರಟಿತು. ಅವನು ಯಾವ ಬಾಗಿಲ ಮುಂದೆ ಒಂದು ಗಳಿಗೆ ನಿಂತನೋ ಅದೂ ಅಲ್ಲಿ ನಿಂತಿತು. ನಿಂತ ಮೇಲೆ ಕತ್ತೆತ್ತಿತು. ಅವನು ಒಂದು ಎಲೆಯನ್ನೂ ಕೀಳಲಿಲ್ಲ. ಅದನ್ನು ಅವನು ತನಗೆ ತಾನೇ ಮತ್ತೆ ಮತ್ತೆ ಹೇಳಿಕೊಂಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು, ಈ ಒಂದು ಸಂತೆ ಆಗಿಹೋಗಲಿ ಎಂದುಕೊಂಡ.

ಸೊಪ್ಪು ಕಳೆದುಕೊಂಡ ಮನೆಯವರಲ್ಲಿ ಕೆಲವರು ಅದನ್ನು ನೋಡಲೇ ಇಲ್ಲ, ಜ್ವರದಲ್ಲಿ ಮಲಗಿದ್ದರು. ನೋಡಿದ ಕೆಲವರು, ಮಾರಮ್ಮನೇ ಬಂದು ಸೊಪ್ಪು ಒಯ್ದಿದ್ದಾಳೆ, ಇನ್ನು ವಾಸಿಯಾದಂತೆಯೇ ಎಂದು ಕೈಮುಗಿದು ಹೊರಗೆ ಓಡಾಡಿದರು. ಕೆಮ್ಮುತ್ತಲೇ ಓಡಾಡಿದರು.

ತಳವಾರ ಎಣಿಸಿಕೊಂಡು ಬಂದು ಏಳು ಎಂದ. ಕಟ್ಟೆಯ ಮೇಲೆ ಸಂಭ್ರಮವೋ ಸಂಭ್ರಮ. ಪೂಜಾರಿ ಇದು ತನ್ನ ಮಂಗಳಾರತಿಯ ಫಲ ಎಂದ. ತಳವಾರ ಇದು ತನ್ನ ತಮಟೆಯ ಸದ್ದಿಗೆ ಎಂದ. ಗೌಡ ಮೀಸೆ ತಿರುವಿಕೊಂಡ. ಎಲ್ಲರಿಗಿಂತ ಹೆಚ್ಚು ಮಾತಾಡುವ ವ್ಯಾಪಾರಿ ಆ ದಿನ ಮೂಗನಂತೆ ಕೂತಿದ್ದ. ಪಂಡಿತನಿಗೂ ತನ್ನ ಕಷಾಯದ ಮೇಲೆ ಒಂದು ಗಳಿಗೆ ಹೆಮ್ಮೆ ಬಂತು. ಆದರೆ ಅವನ ಕಿವಿ ಚೆನ್ನಾಗಿಯೇ ಇತ್ತು.

“ಗೌಡ್ರೆ, ಹೋದ ವಾರ ಹದಿನೆಂಟು, ಈ ವಾರ ಏಳು ಅಂದ್ರೆ ನಂಬೋ ಮಾತಾ? ಬೀದೀಲಿ ಹೋದ್ರೆ ಮನೆ ಮನೆಯಿಂದ ಕೆಮ್ಮು ಕೇಳಿಸ್ತದೆ!”

“ಪಂಡಿತ್ರೆ, ಸೊಪ್ಪು ಎಣಿಸಬೇಕು ಅಂತ ಕಟ್ಟುಪಾಡು ಮಾಡಿರೋದು. ಕೆಮ್ಮು ಎಣಿಸಬೇಕು ಅಂತ ಯಾರು ಹೇಳಿದ್ರು?” ಎಂದ ಗೌಡ. ಸಂತೆ ಎಂದು ತಮಟೆ ಹೊಡೆಸಿದ.

ಸಂತೆಗೆ ಊರಿಗೆ ಊರೇ ಬಂತು. ಬೆಲ್ಲ ಕೊಳ್ಳುವವರು ಬಾಯಿಗೆ ಹಾಕಿಕೊಂಡು ನೋಡದೆ ಎಲ್ಲಿ ಕೊಳ್ಳುತ್ತಾರೆ? ವ್ಯಾಪಾರಿ ಅಚ್ಚಿನಿಂದ ಚೂರು ಚೂರು ಮುರಿದು ಒಬ್ಬೊಬ್ಬರ ಅಂಗೈಗೂ ಇಟ್ಟ. ಅವರು ನೆಕ್ಕಿ, ಇದು ಉಪ್ಪುಪ್ಪು ಎಂದು ಮೂಗು ಮುರಿದು, ಇನ್ನೊಂದು ಚೂರಿಗೆ ಅದೇ ಕೈ ಚಾಚಿದರು. ಸಂಜೆಯ ಹೊತ್ತಿಗೆ ಒಂದು ಅಚ್ಚೂ ಉಳಿಯಲಿಲ್ಲ. ವ್ಯಾಪಾರಿ ಹಾಡು ಗುನುಗುತ್ತಾ ಮನೆಗೆ ಬಂದ, ಗೋಣಿಯ ತಳದಲ್ಲಿ ಉಳಿದ ಪುಡಿಯನ್ನು ಕೃತಜ್ಞತೆಯಿಂದ ಹೋತಕ್ಕೆ ತಿನ್ನಿಸಿದ, ಬೆರಳಿಗೆ ಅಂಟಿದ್ದನ್ನು ತಾಯಿಯ ಬಾಯಿಗೆ ಇಟ್ಟ.

ನಾಲ್ಕು ದಿನ ಕಳೆಯಿತು. ತಾಯಿ ಕೆಮ್ಮಿದಳು. ಮರುದಿನ ಜ್ವರ ಏರಿತು.

“ಜ್ವರ ಹೋಯ್ತು ಅಂತ ತಾನೇ ಸಂತೆ ಮಾಡಿದ್ದು? ಹಂಗಾದ್ರೆ ನಂಗೆ ಬಂದಿರೋದು ಏನೋ?” ಎಂದು ಕೇಳಿದಳು. ವ್ಯಾಪಾರಿಯ ಹೆಂಡತಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಅವನು ತಾಯಿಯ ಪಕ್ಕದಲ್ಲಿ ಕೂತು ಕಷಾಯಕ್ಕೆ ಕಾದ.

ಹೊತ್ತು ಏರಿತು, ಕಷಾಯ ಬರಲಿಲ್ಲ. ಗಂಜಿ ಬರಲಿಲ್ಲ. ತಾಯಿಯ ತುಟಿ ಒಣಗಿತು, ಮಾತು ನಿಂತಿತು. ವ್ಯಾಪಾರಿ ಎದ್ದು ಬಾಗಿಲಿಗೆ ಓಡಿ ಬಂದ. ಪಂಡಿತ ಕಷಾಯದ ತಂಬಿಗೆ ಹಿಡಿದು ಬೀದಿಯ ತುದಿ ದಾಟುತ್ತಿದ್ದ. ಅವನು ಈ ಬಾಗಿಲನ್ನೂ ನೋಡಿಯೇ ಹೋಗಿದ್ದ. ಬಾಗಿಲಲ್ಲಿ ದಾರ ಮಾತ್ರ ನೇತಾಡುತ್ತಿತ್ತು. ಜಗಲಿಯ ಮೇಲೆ ಹೋತ ನಿಂತಿತ್ತು. ಅದು ಹಳೆಯ ಸ್ನೇಹಿತನನ್ನು ಕಂಡಂತೆ ಬಂದು ಅವನ ಕೈ ನೆಕ್ಕಿತು.

ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ತಿಂದದ್ದು ಮೇಕೆಯೇ. ಆದರೂ ಕೋತಿ ಯಾರೆಂದು ವ್ಯಾಪಾರಿಗೆ ಗೊತ್ತಿತ್ತು. ಇಷ್ಟು ದಿನ ಎಷ್ಟು ಮನೆಯ ಜಗಲಿ ಹೀಗೆಯೇ ಬರಿದಾಗಿ ಉಳಿಯಿತು, ಒಳಗೆ ಎಷ್ಟು ಜನ ಹೀಗೆಯೇ ತುಟಿ ಒಣಗಿ ಮಲಗಿದರು ಎಂದು ಅವನಿಗೆ ಆಗ ಹೊಳೆಯಿತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಅವನು ಕೂಗುತ್ತಾ ಓಡಿ ಪಂಡಿತನನ್ನು ಹಿಡಿದು ತಂದ. ತಾಯಿಯ ಬಾಯಿಗೆ ಕಷಾಯ ಬಿತ್ತು. ಆಮೇಲೆ ದೇವರ ಹೋತವನ್ನು ಹಗ್ಗ ಹಾಕಿ ಎಳೆದು ತಂದು ತನ್ನ ಖಾಲಿ ಪಡಸಾಲೆಯಲ್ಲಿ ಕಟ್ಟಿದ. ಬೀದಿ ಬೀದಿಯಲ್ಲೂ ನಿಂತು, ಜ್ವರ ಇರುವವರು ಸೊಪ್ಪು ಕಟ್ಟಿ, ಸೊಪ್ಪು ಕಟ್ಟಿ ಎಂದು ಗಂಟಲು ಹರಿಯುವಂತೆ ಕೂಗಿದ.

ಆ ವಾರ ತಳವಾರ ಎಣಿಸಿ ಬಂದಾಗ ಗೌಡನ ಕೈಬೆರಳು ಮುಗಿದವು. ಅವನು ಕಾಲ್ಬೆರಳಿಗೆ ಇಳಿದ, ಅವೂ ಸಾಲಲಿಲ್ಲ. ಊರು ಕಂಗಾಲಾಯಿತು. ಹೋತ ತಿರುಗಾಡಿಕೊಂಡಿದ್ದಾಗ ಜ್ವರ ಇಳಿಯಿತು, ಹೋತವನ್ನು ಕಟ್ಟಿಹಾಕಿದ ಮೇಲೆ ಜ್ವರ ಏರಿತು, ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಮಾರಮ್ಮ ಮುನಿದಿದ್ದಾಳೆ ಎಂದ ಪೂಜಾರಿ. ಜನರೆಲ್ಲ ಹೋತವನ್ನು ಬಿಡಿಸಲು ವ್ಯಾಪಾರಿಯ ಮನೆಗೆ ನುಗ್ಗಿದರು. ವ್ಯಾಪಾರಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತ.

“ಜ್ವರ ಹೆಚ್ಚಿಲ್ಲ ಕಣ್ರಪ್ಪಾ, ಸೊಪ್ಪು ಉಳಕಂಡೈತೆ ಅಷ್ಟೆ! ಜ್ವರ ಮೊದ್ಲೂ ಇಷ್ಟೇ ಇತ್ತು. ಈ ಹೋತಕ್ಕೆ ಬೆಲ್ಲ ತೋರಿಸಿ ಮನೆ ಮನೆ ಸೊಪ್ಪು ತಿನ್ನಿಸಿದೋನು ನಾನೇ!”

ಪಂಡಿತ ಕಣ್ಣು ಮುಚ್ಚಿಕೊಂಡ. ಗೌಡ ಬೆರಳು ಮಡಿಚಿ ನೋಡಿಕೊಂಡ. ಕೊನೆಗೆ ವ್ಯಾಪಾರಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

“ಅಂದ್ರೆ, ಈಗ ಇದನ್ನ ಬಿಟ್ರೆ ಬರೋ ವಾರ ಸಂತೆ ಮಾಡಬೋದು ಅಂತೀಯ?”

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಮರುಳಸಿದ್ಧ ವಲ್ಲಿಯೊಳಗೇ ನಕ್ಕ. ಅವನ ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು. ನಗು ಮುಗಿದ ಮೇಲೂ ಹೆಗಲು ಎರಡು ಸಲ ಅದುರಿತು. ಸಾವರಿಸಿಕೊಂಡು ಕೇಳಿದ: “ಆ ಮುದುಕಿ ಉಳಿದಳೇ ಬುದ್ಧಿ?”

“ಉಳಿದಳು. ಎದ್ದು ಕೂತ ಕೂಡಲೇ ಪಾನಕ ಕೇಳಿದಳು. ಮನೆಯಲ್ಲಿ ಒಂದು ಚೂರು ಬೆಲ್ಲ ಇರಲಿಲ್ಲ.”

“ಮತ್ತೆ ಹೋತ? ಅದನ್ನು ಬಿಟ್ಟರೇ?”

“ಬಿಟ್ಟಿರಬೇಕು ಮರಿ. ಇವತ್ತು ಬೆಳಗಿನ ಜಾವ ನಿನ್ನ ಕೋಣೆಯಲ್ಲಿ ಕೆಮ್ಮುತ್ತಿದ್ದದ್ದು ಅದೇ ಅಲ್ಲವೇ?”

ಮರುಳಸಿದ್ಧ ವಲ್ಲಿಯನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡ. ಬಾಯಿ ತೆರೆದರೆ ಕೆಮ್ಮು ಬರುತ್ತಿತ್ತು.