ಗೆದ್ದವರು ಯಾರೆಂದು ಸಾಹುಕಾರರನ್ನೇ ಕೇಳಿ

ಬ್ಯಾಡಗಿಯ ಒಂದು ಪತ್ರಿಕೆ ಕಚೇರಿಯಲ್ಲಿ ನಾನು ಚಹಾ ತರುವವನಾಗಿದ್ದೆ. ಶಾಲೆಗೆ ಹೋದವನಲ್ಲ. ಆದರೂ ಆ ಪತ್ರಿಕೆ ನಡೆದದ್ದೇ ನನ್ನ ತಲೆಯಿಂದ.

ಒಂದು ಸಂಜೆ ಮೆಣಸಿನಕಾಯಿ ಸಾಹುಕಾರ ವಿರೂಪಾಕ್ಷಪ್ಪ ಬುಸುಗುಡುತ್ತಾ ಬಂದ. ಅಂದಿನ ಕಬಡ್ಡಿ ಪಂದ್ಯ ಉದ್ಘಾಟಿಸಿದವನೇ ಅವನು. ಪತ್ರಿಕೆಯ ಮಾಲೀಕ ಅವನ ಅಳಿಯ.

“ಸುದ್ದಿಯೊಳಗ ಮೊದಲು ನನಗ ಹಾಕಿದ ಹಾರದ ಮಾತು ಬರಬೇಕು, ಆಮ್ಯಾಲೆ ನನ್ನ ಭಾಷಣ ಪೂರ್ತಿ. ಇಲ್ಲಾಂದ್ರ ನಾಳೆ ನಿನ್ನ ನೌಕರಿ ಇರೂದಿಲ್ಲ!” ಎಂದು ವರದಿಗಾರ ಶಿವಯೋಗಿಯನ್ನು ಗದರಿಸಿ ಹೋದ.

ಚಹಾ ಕೊಡಲು ಹೋದ ನನ್ನೆದುರು ಶಿವಯೋಗಿ ತಲೆ ಹಿಡಿದು ಕೂತ. “ಇಷ್ಟೆಲ್ಲ ಹಾಕಿದ್ರ, ಯಾರು ಗೆದ್ರು ಅನ್ನೂದಕ್ಕ ಜಾಗಾನ ಉಳಿಯೂದಿಲ್ಲ ಕಾಕಾ.”

“ಅದನ್ನ ಹಾಕಬ್ಯಾಡ. ಅವರು ಹೇಳಿದ್ದಷ್ಟನ್ನೂ ಹಾಕು. ಕೆಳಗ ಒಂದ ಸಾಲು ಸೇರಿಸು: ಗೆದ್ದವರು ಯಾರೆಂದು ತಿಳಿಯಲು ಸಾಹುಕಾರರಿಗೆ ಫೋನು ಮಾಡಿರಿ. ನಂಬರೂ ಇರಲಿ,” ಎಂದೆ.

ಮರುದಿನ ಬೆಳಗಿನಿಂದ ಸಾಹುಕಾರನ ಫೋನು ಬಾಯಿ ಮುಚ್ಚಲಿಲ್ಲ. ಅದು ಎಷ್ಟು ಕಾದಿತ್ತೆಂದರೆ, ಅವನ ಹೆಂಡತಿ ಅದರ ಮೇಲೆ ಎರಡು ರೊಟ್ಟಿ ಬೇಯಿಸಿದಳು. ಸುಳ್ಳಲ್ಲ, ಒಂದನ್ನು ನಾನೇ ತಿಂದಿದ್ದೇನೆ. ಫೋನು ಮಾಡಿದವರೆಲ್ಲರದೂ ಒಂದೇ ಪ್ರಶ್ನೆ: “ಯಾರು ಗೆದ್ರು ರೀ?” ಅವನಿಗೇನು ಗೊತ್ತು? ಭಾಷಣ ಮುಗಿಸಿ, ಆಟ ಶುರುವಾಗುವ ಮೊದಲೇ ಕಾರು ಹತ್ತಿದ್ದ!

ಮಧ್ಯಾಹ್ನ ಏದುಸಿರು ಬಿಡುತ್ತಾ ಬಂದ. ನೌಕರಿಯ ಮಾತೇ ಎತ್ತಲಿಲ್ಲ.

“ಶಿವಯೋಗಿ, ಇನ್ನ ಮ್ಯಾಲೆ ಗೆದ್ದವರ ಹೆಸರು ಮೊದಲನೇ ಸಾಲಿನ್ಯಾಗ ಹಾಕಪಾ!”

“ಮತ್ತ ನಿಮ್ಮ ಹಾರ?” ಎಂದು ನಾನು ಕೇಳಿದೆ.

“ಹಾರ ಹಾಳಾಗ್ಲಿ! ಮೊದಲು ಯಾರು ಗೆದ್ರು ಹೇಳ್ರೋ. ಹೊರಗ ಕಾರಿನ್ಯಾಗ ನನ್ನ ಹೆಂಡ್ತೀನೂ ಅದನ್ನ ಕೇಳಾಕತ್ತಾಳ!”